ಅತ್ತೆ ತುಳಿಯದ ಹೊಸ್ತಿಲು

ನಮ್ಮತ್ತೆ ಯಾವತ್ತೂ ‘ಬಿದ್ದೆ’ ಎಂದವರಲ್ಲ. ಬಚ್ಚಲಿನಲ್ಲಿ ಸದ್ದಾಗಿ ಓಡಿಹೋದರೆ, “ಏನಿಲ್ಲ ಕಣೇ, ಕೂತ್ಬಿಟ್ಟೆ” ಎನ್ನುತ್ತಿದ್ದರು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರದಿಂದ ಒದ್ದೆ ಸೀರೆಯಲ್ಲಿ ಎದ್ದು ಬಂದ ದಿನವೂ ಅದೇ ಮಾತು. ನನ್ನ ಗಂಡ, “ಕೂರೋದಕ್ಕೆ ಮನೇಲಿ ಕುರ್ಚಿ ಇಲ್ವೇನಮ್ಮ?” ಎಂದು ಕೇಳಿದರೆ, “ಇರೋ ಕುರ್ಚೀಲಿ ನೀನು ಮೊಬೈಲ್ ಹಿಡ್ಕೊಂಡು ಕೂತಿರ್ತೀಯಲ್ಲ, ನಂಗೆಲ್ಲಿದೆ ಜಾಗ?” ಎಂದು ನಗಿಸಿಬಿಡುತ್ತಿದ್ದರು. ನಾವೂ ನಗುತ್ತಿದ್ದೆವು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ವಿನೋಬನಗರದ ನಮ್ಮ ಮನೆಯ ಹೊಸ್ತಿಲು ಉಳಿದ ಮನೆಗಳದ್ದಕ್ಕಿಂತ ಎತ್ತರ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿದ್ದ ಮನೆಯನ್ನು ಬಿಟ್ಟು ಇಲ್ಲಿ ಕಟ್ಟಿಸುವಾಗ ಅತ್ತೆ ಅಲ್ಲಿನ ಬಾಗಿಲುವಾಡವನ್ನೇ ಹೊಸ್ತಿಲ ಸಮೇತ ಬಿಚ್ಚಿಸಿ ತಂದು ಕೂರಿಸಿದ್ದರು. ಬೆಳಿಗ್ಗೆ ಅದನ್ನು ತೊಳೆದು, ಅರಿಶಿನ ಬಳಿದು, ರಂಗೋಲಿಯ ಎಳೆ ಎಳೆದರೇ ಅವರಿಗೆ ದಿನ ಶುರುವಾಗುತ್ತಿದ್ದುದು. ತುಳಿಯುವ ಮಾತಂತೂ ಇಲ್ಲವೇ ಇಲ್ಲ. ಮಂಡಿನೋವು ಹಿಡಿದುಕೊಂಡ ಮೇಲೂ ಬಾಗಿಲುವಾಡಕ್ಕೆ ಕೈ ಕೊಟ್ಟು, ಉಸಿರು ಬಿಗಿಹಿಡಿದು, ಕಾಲನ್ನು ಎತ್ತಿ ಆಚೆ ಇಡುತ್ತಿದ್ದರು. ನನ್ನ ಮಗಳು ಹೊಸ್ತಿಲ ಮೇಲೆ ನಿಂತರೆ ನಾನೂ ಗದರುತ್ತಿದ್ದೆ. ಡಿಗ್ರಿ ಓದಿದ ನಾನು, ಅತ್ತೆ ಅದನ್ನು ದಾಟುವ ಕಷ್ಟವನ್ನು ದಿನವೂ ನೋಡಿ ಭಕ್ತಿ ಎಂದುಕೊಂಡಿದ್ದೆ.

ಕಳೆದ ಶ್ರಾವಣದ ಒಂದು ಶುಕ್ರವಾರ ಭದ್ರಾವತಿಯಿಂದ ಅತ್ತೆಯ ತಂಗಿ ಬಂದರು. ಅತ್ತೆ ಆಗಷ್ಟೇ ಹೊಸ್ತಿಲ ಪೂಜೆ ಮುಗಿಸಿ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲ ಒಳಗೆ ನಿಂತಿದ್ದರು. ಗೇಟಿನ ಹತ್ತಿರ ಆಟೋ ಇಳಿದ ಚಿಕ್ಕತ್ತೆ ಅಲ್ಲಿಂದಲೇ ಕೂಗಿದರು: “ಅಕ್ಕಾ, ಕಾಫಿ ಉಂಟೋ, ಇಲ್ಲಾ ಹಿಂಗೇ ವಾಪಸ್ ಬಸ್ ಹತ್ಲೋ?”

“ಬಾರೇ ಮಾರಾಯ್ತಿ, ಬಂದೆ!”

ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಚೊಂಬು. ಬಾಗಿಲುವಾಡ ಹಿಡಿಯಲು ಕೈಯೇ ಇರಲಿಲ್ಲ. ಹೊಸ್ತಿಲನ್ನು ತುಳಿಯಬಾರದೆಂದು ಕಾಲನ್ನು ಇನ್ನಷ್ಟು ಎತ್ತಲು ಹೋದರು; ಬೆರಳು ಅಂಚಿಗೆ ತಗುಲಿತು. ನಾನು ಹಿಂದೆಯೇ ಇದ್ದೆ. ಸೆರಗು ನನ್ನ ಕೈಗೆ ಸಿಕ್ಕಿ ಜಾರಿಹೋಯಿತು. ಆ ಜಾರುವಿಕೆ ಇವತ್ತಿಗೂ ನನ್ನ ಬೆರಳುಗಳಲ್ಲಿದೆ. ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಪಕ್ಕಕ್ಕೆ ಬಿದ್ದರು. ತಲೆ ಗ್ರಾನೈಟ್ ಕಲ್ಲಿನ ಚೂಪು ಅಂಚಿಗೆ ಎಷ್ಟು ಹತ್ತಿರವಾಗಿ ಹಾದುಹೋಯಿತೆಂದರೆ, ಮುಡಿದಿದ್ದ ಮಲ್ಲಿಗೆ ಆ ಅಂಚಿಗೆ ಸಿಕ್ಕಿ ನಜ್ಜುಗುಜ್ಜಾಗಿತ್ತು.

“ಏನಿಲ್ಲ ಕಣೇ, ಕೂತ್ಬಿಟ್ಟೆ” ಎಂದರು, ಮಲಗಿದ್ದಲ್ಲಿಂದಲೇ.

“ಹಿಂಗೆ ಯಾರು ಕೂತ್ಕೊತಾರೇ ಅಕ್ಕಾ!” ಎನ್ನುತ್ತ ಚಿಕ್ಕತ್ತೆ ಅಳತೊಡಗಿದರು.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಚಿಕ್ಕತ್ತೆ ಮೆಲ್ಲಗೆ ಹೇಳಿದರು: “ನಮ್ಮನೆ ಬಚ್ಚಲಲ್ಲೂ ಹಿಂಗೇ ಕೂತಿದ್ಲು. ನಾನೇ ಎತ್ತಿದ್ದು. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು. ಗೊತ್ತಾದ್ರೆ ಒಬ್ಳೇ ಭದ್ರಾವತಿ ಬಸ್ಸು ಹತ್ತಕ್ಕೆ ಬಿಡಲ್ಲ ಅಂತ.”

ನಿಜ. ಗೊತ್ತಾಗಿದ್ದರೆ ನಾವು ಬಿಡುತ್ತಿರಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಹೊಸ್ತಿಲ ಪಕ್ಕ ಒಂದು ಸರಳು ಬಿಗಿಸುವುದು ನಮಗೆ ಹೊಳೆಯುತ್ತಿರಲಿಲ್ಲ. ಮೊದಲು ಅವರ ಬಸ್ಸನ್ನೇ ನಿಲ್ಲಿಸುತ್ತಿದ್ದೆವು. ಅವರಿಗೆ ನಮ್ಮ ಬಗ್ಗೆ ಅಷ್ಟು ಸರಿಯಾಗಿ ಗೊತ್ತಿತ್ತು.

ವಾಕರ್ ಹಿಡಿದು ಅತ್ತೆ ಮನೆಗೆ ಬಂದ ಮೇಲೆ ಸವಳಂಗ ರಸ್ತೆಯ ಬಡಗಿಯಿಂದ ಹೊಸ್ತಿಲ ಮೇಲಿಂದ ಹೊರಗಿನ ಮೆಟ್ಟಿಲಿನಾಚೆಗೂ ಹಾಸುವಂಥ ಇಳಿಜಾರು ಹಲಗೆ ಮಾಡಿಸಿದೆವು. ಎರಡೂ ಕಡೆ ಹಿಡಿಕೆ ಹಾಕಿಸಿದೆವು. ಅತ್ತೆ ಬಾಗಿಲವರೆಗೆ ಬಂದು ನಿಂತುಬಿಡುತ್ತಿದ್ದರು.

“ಹಲಗೆ ಕೆಳಗೆ ಹೊಸ್ತಿಲಿದೆಯಲ್ಲ ಕಣೇ. ತುಳಿದ ಹಾಗೇ ಆಯ್ತಲ್ಲ.”

ಹೀಗೇ ವಾರಗಳು ಕಳೆದವು. ಒಂದು ದಿನ ಚಿಕ್ಕತ್ತೆ ಬಂದು ಗೇಟಿನಲ್ಲೇ ನಿಂತರು. “ನಾನು ಒಳಗೆ ಬರಲ್ಲ. ನಿನ್ನ ಕಾಫಿ ಯಾರಿಗೆ ಬೇಕು? ನೀನೇ ಬಾ.”

ಅತ್ತೆ ತಂಗಿಯನ್ನು ನೋಡುತ್ತ ನಿಂತರು. ಆಮೇಲೆ ನನಗೆ ಹೇಳಿದರು: “ಆ ಹಲಗೆ ಸ್ವಲ್ಪ ಎತ್ತು. ಹೊಸ್ತಿಲು ಮುಟ್ಟಿ ನನ್ನ ಕಣ್ಣಿಗೆ ಒತ್ತು. ನಂಗೆ ಬಗ್ಗಕ್ಕಾಗಲ್ಲ.”

ಒತ್ತಿದೆ. ಅವರ ರೆಪ್ಪೆ ಒದ್ದೆಯಾಗಿತ್ತು. ಹಲಗೆ ಹಾಸಿದ ಮೇಲೆ ಹಿಡಿಕೆಗೆ ಕೈ ಕೊಟ್ಟು, ಮೆಲ್ಲಗೆ ಹತ್ತಿ ಇಳಿದು, ವಾಕರ್ ಹಿಡಿದು ಗೇಟಿನವರೆಗೆ ಹೋದರು.

ಮಾರನೇ ಬೆಳಿಗ್ಗೆ ನಾನು ಹೊಸ್ತಿಲ ಬಳಿ ಕುರ್ಚಿ ಹಾಕಿ, ಅರಿಶಿನದ ತಟ್ಟೆ ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. “ಇನ್ನು ನೀನೇ ಹಚ್ಚಮ್ಮ. ತುಳಿದವಳು ಪೂಜೆ ಮಾಡ್ಬಾರ್ದು.” ಎಷ್ಟು ಹೇಳಿದರೂ ಕೇಳಲಿಲ್ಲ.

ಈಗ ನಾನೇ ಹೊಸ್ತಿಲಿಗೆ ಅರಿಶಿನ ಇಡುತ್ತೇನೆ, ಚಿಟಿಕೆಯಷ್ಟೇ. ನೆಲದ ನೀರನ್ನು ಒಣಬಟ್ಟೆಯಿಂದ ಒರೆಸಿ ಹಲಗೆ ಹಾಸುತ್ತೇನೆ. ಅತ್ತೆ ಗೇಟಿನವರೆಗೆ ಹೋಗಿ ಬರುತ್ತಾರೆ. ಭದ್ರಾವತಿಗೆ ಹೋಗ್ತೀನಿ ಅನ್ನುವುದಿಲ್ಲ. ನಡೆದು ದಣಿದು, ಕುರ್ಚಿಗೆ ಒರಗಿ, “ಕೂತೆ ಕಣೇ” ಎನ್ನುತ್ತಾರೆ. ನಿಜವಾಗಿಯೂ ಕೂತಿರುತ್ತಾರೆ. ಆದರೂ ನಾನು ಒಲೆಯ ಮೇಲಿನದನ್ನು ಬಿಟ್ಟು ಓಡಿಬರುತ್ತೇನೆ.