ಕಣ್ಣಾಸ್ಪತ್ರೆಯ ಪುಟ ಯಾರದ್ದು

ಹತ್ತಾರು ವರ್ಷ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆಲ್ಲ ವೆಬ್‌ಸೈಟ್ ವಿನ್ಯಾಸ ಮಾಡಿಕೊಟ್ಟವಳಿಗೆ ಸ್ವಂತದ್ದೊಂದು ಇರಲಿಲ್ಲ. ಕೆಲಸ ಹೋದ ಮೇಲೆ ಅದರ ಬಿಸಿ ತಟ್ಟಿತು. ಎಲ್ಲಿ ಅರ್ಜಿ ಹಾಕಿದರೂ ಮೊದಲ ಪ್ರಶ್ನೆ, “ನಿಮ್ಮ ಕೆಲಸ ಎಲ್ಲಿ ನೋಡಬಹುದು?”

ಅವಳು ಮಾಡಿದ ಸೈಟುಗಳಲ್ಲಿ ಎಷ್ಟೋ ಮುಚ್ಚಿಹೋಗಿದ್ದವು. ಉಳಿದವನ್ನು ಬೇರೆಯವರು ಗುರುತು ಸಿಗದಂತೆ ಬದಲಿಸಿದ್ದರು. ಹೆಮ್ಮೆಯಿಂದ ತೋರಿಸುವಂಥದ್ದು ಒಂದೇ ಇತ್ತು, ಕಣ್ಣಾಸ್ಪತ್ರೆಯದು. ಅದನ್ನು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿದ್ದಳು. ಅಪ್ಪನಿಗೆ ಕಣ್ಣು ಮಂಜು, ಕೈ ನಡುಕ. “ಇದೇನಮ್ಮ, ಅಕ್ಷರನಾ ಇರುವೆ ಸಾಲಾ?” ಎಂದು ಗೊಣಗುತ್ತ ಒಂದು ಬಟನ್ ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತಿದ್ದ. ಕೊನೆಗೆ ರೋಗಿಗಳು ಹೆಸರು ನೋಂದಾಯಿಸುವಲ್ಲಿ ಪುಟಕ್ಕೊಂದೇ ಪ್ರಶ್ನೆ, ಒಂದೇ ದೊಡ್ಡ ಬಟನ್ ಇಟ್ಟಳು.

ಈಗ ತನಗೂ ಒಂದು ಸೈಟ್ ಮಾಡಿಕೊಂಡು ಅದನ್ನು ಏರಿಸಿ, ಬೇರೆಯವರು ಹೇಗೆ ಮಾಡಿಕೊಂಡಿದ್ದಾರೆಂದು ಹುಡುಕುತ್ತಿದ್ದಾಗ ಮೇಷ್ಟ್ರ ವೆಬ್‌ಸೈಟ್ ಸಿಕ್ಕಿತು. ಅವರು ಹಳೇ ಆಫೀಸಿನಲ್ಲಿ ಅವಳ ಮೇಲಿನವರು. ಎಲ್ಲರಿಗೂ ಕಲಿಸುತ್ತಿದ್ದುದರಿಂದ ಆ ಅಡ್ಡಹೆಸರು. ಅವಳ ಜೊತೆಯಲ್ಲೇ ಅವರ ಕೆಲಸವೂ ಹೋಗಿತ್ತು. ಮೊದಲ ಪುಟದಲ್ಲೇ ಕಣ್ಣಾಸ್ಪತ್ರೆ ರಾರಾಜಿಸುತ್ತಿತ್ತು. ಕೆಳಗೆ ವಿನ್ಯಾಸಕಾರ ಎಂದು ಅವರ ಹೆಸರೊಂದೇ.

“ಫೋನ್ ಮಾಡಿ ನಾಲ್ಕು ಮಾತು ಕೇಳು,” ಎಂದ ಅಪ್ಪ. ಅವಳ ಕೈ ಏಳಲಿಲ್ಲ. ಕೆಲಸದ ಅ ಆ ಇ ಈ ಹೇಳಿಕೊಟ್ಟವರೇ ಅವರು.

ಮುಂದಿನ ಸಂದರ್ಶನಕ್ಕೆ ಹೋದರೆ ಒಳಗಿನಿಂದ ಮೇಷ್ಟ್ರೇ ಹೊರಬಂದರು. ತಲೆಗೆ ಹೊಸದಾಗಿ ಕಪ್ಪು ಬಣ್ಣ ಹಚ್ಚಿದ್ದರು. ಅವಳನ್ನು ಕಂಡು ನಗಲು ಹೋಗಿ ಆಗದೆ ಮುಖ ತಗ್ಗಿಸಿದರು.

ಒಳಗೆ ಮೇಜಿನಾಚೆಯ ಮಹಿಳೆ ಅವಳ ಸೈಟ್ ನೋಡಿ ಹುಬ್ಬೇರಿಸಿದಳು. “ಇದೇ ಪುಟನ ಈಗಷ್ಟೇ ಇನ್ನೊಬ್ರು ತೋರಿಸಿದ್ರಲ್ಲ?”

“ಮಾಡಿದ್ದು ನಾನು. ಅವರು ನಮ್ಮ ಮೇಲಧಿಕಾರಿ ಆಗಿದ್ರು.”

“ಅವರೂ ತಾವೇ ಮಾಡಿದ್ದು ಅಂದ್ರು,” ಎಂದು ಆಕೆ ಪಕ್ಕದವನ ಮುಖ ನೋಡಿದಳು. ಆಮೇಲಿನ ಪ್ರಶ್ನೆಗಳೆಲ್ಲ ಬರೀ ಶಾಸ್ತ್ರಕ್ಕೆ.

ಮೆಟ್ಟಿಲ ಬಳಿ ಮೇಷ್ಟ್ರು ಕಾಯುತ್ತಿದ್ದರು.

“ಅದು ನಂದು, ಸರ್.”

“ಗೊತ್ತು ಕಣಮ್ಮ. ನಂದು ಅಂತ ತೋರಿಸೋಕೆ ನನ್ನ ಹತ್ರ ಏನಿದೆ? ನಿಮ್ಮೆಲ್ಲರ ಕೆಲಸ ತಿದ್ದಿದ್ದೇ ಆಯ್ತು.”

“ಹಾಗೇ ಬರೀರಿ. ತಿದ್ದಿದ್ದು ನಾನು ಅಂತ.”

“ತಿದ್ದಿದೋನಿಗೆ ಯಾರು ಕೆಲಸ ಕೊಡ್ತಾರೆ?”

ಬೈಯಬೇಕೆಂದು ಬಂದವಳು ಬೈಯದೆ ಮೆಟ್ಟಿಲಿಳಿದು ಹೋದಳು. ಆ ಕೆಲಸ ಇಬ್ಬರಿಗೂ ಸಿಗಲಿಲ್ಲ.

ಅವಳು ತನ್ನ ಸೈಟಿನಲ್ಲಿ ಆ ಪುಟ ಹುಟ್ಟಿದ ಬಗೆಯನ್ನು ಬರೆದಳು. ಅಪ್ಪನ ಬೆರಳು ತಪ್ಪಿದ ಪ್ರಯತ್ನಗಳ ಚಿತ್ರ ಹಾಕಿದಳು. ಕೊನೆಗೆ, ತಿದ್ದಿದವರು ಎಂದು ಮೇಷ್ಟ್ರ ಹೆಸರನ್ನೂ ಸೇರಿಸಿದಳು. ಅಪ್ಪ ಸಿಡಿಮಿಡಿಗೊಂಡ. “ಕದ್ದೋನಿಗೆ ಹಾರ ಬೇರೆ ಹಾಕ್ತೀಯಾ?”

“ತಿದ್ದಿದ್ದು ನಿಜ ಅಲ್ವಾ ಅಪ್ಪಾ?” ಎಂದಳು. ಆದರೂ ಆ ಹೆಸರನ್ನು ಒಮ್ಮೆ ಅಳಿಸಿ ಮತ್ತೆ ಬರೆದಳು.

ಆಮೇಲೆ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸಿದ್ಧ ಮಾದರಿಗಳಲ್ಲಿ ಫೋಟೋ, ಹೆಸರು ಬದಲಿಸಿ ಕೊಡುವುದು, ಅಷ್ಟೇ. ಬಿಡುವಿದ್ದಾಗ ಮೇಷ್ಟ್ರ ಸೈಟ್ ತೆರೆದು ನೋಡುತ್ತಿದ್ದಳು. ಅವರು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಒಂದು ಮಧ್ಯಾಹ್ನ ಆ ಸೈಟ್ ತೆರೆಯಲೇ ಇಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದಳು. ಕೊನೆಗೆ, ಅವರಿಗೇನಾದರೂ ಆಯಿತೋ ಎಂದು ದಿಗಿಲಾಗಿ, ಕಾರಿಡಾರಿಗೆ ಬಂದು ಅಂದು ಮಾಡಲಾಗದಿದ್ದ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.