ಮೂರನೆಯ ತಂತಿ

ಹೊತ್ತು ಮುಳುಗಿ ಎರಡು ತಾಸಿಗೆಲ್ಲ ನನ್ನ ಸೋಲಾರ್ ಬ್ಯಾಟರಿ ಕೈಚೆಲ್ಲಿ ಕೂರುತ್ತಿತ್ತು. ಮನೆಯಲ್ಲಿ ಇರುವವಳು ನಾನೊಬ್ಬಳೇ. ಉರಿಸುವುದು ಎರಡು ಬಲ್ಬು, ಒಂದು ಫ್ಯಾನು, ಮಾತಿಗೆ ಯಾರೂ ಇಲ್ಲವೆಂದು ಹಚ್ಚಿಡುವ ಒಂದು ರೇಡಿಯೋ. ರಿಪ್ಪನ್‌ಪೇಟೆಯ ಮೆಕ್ಯಾನಿಕ್ ಫೋನು ಮಾಡಿದಾಗಲೆಲ್ಲ “ನಾಳೆ ಬಂದೇ ಬರ್ತೀನಿ ಮೇಡಂ” ಎನ್ನುತ್ತಿದ್ದ. ಅವನ ನಾಳೆಗೆ ಮಳೆಗಾಲವೇ ಕಳೆಯಿತು. ಸಾಗರದ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ನಾಲ್ಕು ತಂತಿ ಜೋಡಿಸಲು ಇವನ ದಾರಿ ಕಾಯಬೇಕೇ ಎಂದು ಸಿಟ್ಟು ಬಂದು, ಬ್ಯಾಟರಿ ಮಾನಿಟರ್ ಒಂದನ್ನು ಕೊರಿಯರಿನಲ್ಲಿ ತರಿಸಿದೆ.

ಅದರ ಜೀವಾಳ ಶಂಟ್ ಎಂಬ ದಪ್ಪ ಲೋಹದ ತುಂಡು. ಬ್ಯಾಟರಿಗೆ ಬರುವ, ಬ್ಯಾಟರಿಯಿಂದ ಹೋಗುವ ಕರೆಂಟೆಲ್ಲ ಅದನ್ನು ಹಾದೇ ಹೋಗಬೇಕು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಗೋಡೆಯ ಮೇಲಿನ ಪುಟ್ಟ ಪರದೆ ತೋರಿಸುತ್ತದೆ. ನಿಯಮ ಒಂದೇ: ಬ್ಯಾಟರಿಯ ಮೈನಸ್ ತುದಿಯಲ್ಲಿ ಶಂಟ್ ಬಿಟ್ಟು ಬೇರೆ ಯಾವ ತಂತಿಯೂ ಇರಕೂಡದು.

ಪ್ಯಾನೆಲ್ಲಿನ ಸ್ವಿಚ್ ಆರಿಸಿ, ಸ್ಪ್ಯಾನರಿಗೆ ಟೇಪು ಸುತ್ತಿಕೊಂಡು ಕೂತೆ. ಮೈನಸ್ಸಿನಲ್ಲಿ ಎರಡು ತಂತಿ ಇರಬೇಕಿತ್ತು. ಮೂರಿದ್ದವು. ಮೂರನೆಯದು ತೆಳ್ಳಗಿನದು, ಪ್ಲಸ್ಸಿನಿಂದ ಬಂದ ಇನ್ನೊಂದು ಎಳೆಯ ಜೊತೆಗೂಡಿ ಕಿಟಕಿಯ ಮೂಲೆಯಿಂದ ಹೊರಗೆ ಹೋಗಿ, ದಾಸವಾಳದ ಬೇಲಿಯೊಳಗೆ ನುಸುಳಿ, ಪಕ್ಕದ ಮನೆಯ ಅಡಿಗೆಕೋಣೆ ಸೇರಿತ್ತು.

ಆಗ ನೆನಪಾಯಿತು. ಐದು ವರ್ಷದ ಹಿಂದೆ ಮಳೆಗೆ ವಾರಗಟ್ಟಲೆ ಕರೆಂಟಿಲ್ಲದಾಗ, ಪಕ್ಕದ ಮನೆಯ ಅಕ್ಕ ಕತ್ತಲಲ್ಲಿ ಗಂಜಿ ಬೇಯಿಸುವುದನ್ನು ಕಂಡು ನಾನೇ ಎಳೆದುಕೊಟ್ಟ ತಂತಿ ಅದು. ಅವರೂ ಒಂಟಿ. ಆಮೇಲೆ ಅವರ ಕೋಳಿ ನನ್ನ ಶುಂಠಿ ಮಡಿ ಕೆದಕಿತು, ನಾನೆಸೆದ ಕೋಲಿಗೆ ಕೋಳಿಯ ಕಾಲು ಕುಂಟಿತು. ಅಲ್ಲಿಂದ ಎರಡು ವರ್ಷ ಮಾತಿಲ್ಲ. ಅವರ ಅಡಿಗೆಕೋಣೆಯ ಕಿಟಕಿ ಆ ಕಡೆಗಿದೆ, ಬಲ್ಬು ಉರಿಯುವುದು ನನಗೆ ಕಾಣುತ್ತಿರಲಿಲ್ಲ.

ಕಳ್ಳ ಸಿಕ್ಕಿದ ಎಂದುಕೊಂಡೆ. ಕಟಿಂಗ್ ಪ್ಲೇಯರ್ ತಂದು ಕಚಕ್ಕನೆ ಕತ್ತರಿಸಿದೆ. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

ಶಂಟ್ ಕೂರಿಸಿದೆ. ಸಂಜೆ ಪರೀಕ್ಷೆಗೆಂದು ಬಲ್ಬು, ಫ್ಯಾನು, ರೇಡಿಯೋ ಎಲ್ಲ ಆರಿಸಿದರೂ ಪರದೆಯಲ್ಲಿ ಒಂದು ಆಂಪಿಯರ್ ಹರಿಯುತ್ತಲೇ ಇತ್ತು. ಕೊನೆಗೆ ಇನ್ವರ್ಟರನ್ನೇ ಆರಿಸಿದೆ. ಸೊನ್ನೆ. ಏನೂ ಉರಿಸದಿದ್ದರೂ ಹಗಲೂ ರಾತ್ರಿ ತಿನ್ನುತ್ತ ಕೂತಿದ್ದು ನನ್ನದೇ ಡಬ್ಬ, ದಿನಕ್ಕೆ ಬ್ಯಾಟರಿಯ ಕಾಲು ಭಾಗ. ಅಕ್ಕನ ಒಂಬತ್ತು ವ್ಯಾಟಿನ ಬಲ್ಬು ಎರಡು ತಾಸು ಉರಿದರೂ ನೂರರಲ್ಲಿ ಒಂದೂವರೆ ಪಾಲು ದಾಟದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆಯಾಯಿತು ನನ್ನದು. ಆದರೂ ತಂತಿ ಮತ್ತೆ ಜೋಡಿಸಲು ಬಿಗುಮಾನ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಅಕ್ಕ ನಿಂತಿದ್ದರು. ಮೊದಲ ಮಾತು ಅವರದೇ.

“ಲೈಟು ತೆಗ್ದೆ ಅಲ್ವಾ?”

“ಅದು... ಮೀಟರ್ ಕೂರ್ಸ್ಬೇಕಿತ್ತು ಅಕ್ಕ.”

“ಸುಳ್ಳು ಎಂತಕ್ಕೆ ಮಾರಾಯ್ತಿ? ನಿಂದು, ನೀ ತೆಗ್ದೆ. ತಪ್ಪೆಂತ ಇಲ್ಲ. ನಮ್ಮನೇಲಿ ಕರೆಂಟಿದ್ರೂ ಸಂಜಿಗೆ ನಾ ನಿನ್ ಬಲ್ಬೇ ಹಾಕ್ತಿದ್ದೆ, ಗೊತ್ತಾ? ಅದು ಹತ್ತಿದ್ರೆ, ಇವ್ಳ ಸಿಟ್ಟೆಲ್ಲ ಬಾಯಲ್ಲಿ ಮಾತ್ರ, ಒಳಗಿಲ್ಲ ಅಂತ ಸಮಾಧಾನ ಆಗ್ತಿತ್ತು.”

ನಾನು ಆ ತಂತಿಯನ್ನು ಉಳಿಸಿದ್ದಲ್ಲ, ಮರೆತಿದ್ದೆ. ನೆನಪಿದ್ದರೆ ಕೋಳಿ ಜಗಳದ ದಿನವೇ ಕತ್ತರಿಸಿರುತ್ತಿದ್ದೆ. ಎರಡು ವರ್ಷ ಒಬ್ಬರು ದಿನಾ ಸಂಜೆ ನನ್ನನ್ನು ಒಳ್ಳೆಯವಳೆಂದು ನಂಬಿದ್ದರು. ನಾನು ಗೋಡೆಯ ಈಚೆ ಯಾರಿಗೂ ಬೇಡವಾದೆನೆಂದು ರೇಡಿಯೋ ಕೇಳುತ್ತ ಕೂತಿದ್ದೆ.

“ಇವತ್ತೇ ಜೋಡಿಸ್ತೀನಿ ಅಕ್ಕ.”

“ಬ್ಯಾಡ. ಹೇಳಿ ಹಾಕ್ಸ್ಕಂಡ್ರೆ ಅದ್ರಲ್ಲೆಂತ ಇದೆ?” ಎಂದು ಒಳಗೆ ಹೋದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅದೇ ಮಧ್ಯಾಹ್ನ ತಂತಿಗೆ ಹೊಸ ಫ್ಯೂಸು ಹಾಕಿ, ಈ ಸಲ ಶಂಟ್ ಮೂಲಕವೇ ಜೋಡಿಸಿದೆ. ಬೇಲಿಯಿಂದ ಕೂಗಿ ಹೇಳಿದೆ. ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಈಗ ದಿನಾ ಆರೂವರೆಗೆ ಇನ್ವರ್ಟರ್ ಸಮೇತ ನಮ್ಮನೆಯದೆಲ್ಲ ಆರಿಸಿ, ಪರದೆಯ ಮುಂದೆ ಕುರ್ಚಿ ಹಾಕಿಕೊಳ್ಳುತ್ತೇನೆ. ಅಕ್ಕ ಸ್ವಿಚ್ ಒತ್ತಿದರೆ ಅಲ್ಲಿ ಸೊನ್ನೆ ಬಿಂದು ಏಳು ಎಂದು ಬರಬೇಕು. ಎಂಟರವರೆಗೆ ಕಾಯುತ್ತೇನೆ. ಸೊನ್ನೆ ಕದಲುವುದಿಲ್ಲ. ಬ್ಯಾಟರಿ ತುಂಬಿಯೇ ಇರುತ್ತದೆ.