ಅಗಸನ ಶಾಲಿನ ಅರ್ಧ ಕತೆ

ಹೋದ ಗುರುವಾರ ಬರ್ ದುಬೈಯ ಬಟ್ಟೆ ಅಂಗಡಿಗಳ ಗಲ್ಲಿಯಲ್ಲಿ ನಡೆಯುತ್ತಿದ್ದಾಗ ಸೇಬಿನ ಹುಕ್ಕಾದ ಹೊಗೆ ಮೂಗಿಗೆ ಬಡಿಯಿತು. ಜೊತೆಗೆ ಯಾರೋ ಮೈತುಂಬ ಸುರಿದುಕೊಂಡಿದ್ದ ಗುಲಾಬಿ ಅತ್ತರು. ಎರಡೂ ಬೆರೆತ ಆ ಸಿಹಿ ನಾತಕ್ಕೆ ಮೂಗು ಮುಚ್ಚಿಕೊಂಡೆ. ಬೇರೆಯವರಿಗೆ ಅದು ಪರಿಮಳವೇ ಇರಬಹುದು. ನನಗೆ ಮಾತ್ರ ಆ ಹೋಟೆಲಿನ ಸಂಜೆ ನೆನಪಾಗಿ, ಮೇಷ್ಟ್ರು ನೆನಪಾಗಿ…

ಅವರು ಭಟ್ಕಳದವರು. ಶಾಲೆಯಲ್ಲಿ ಉರ್ದು, ಪಾರ್ಸಿ ಕಲಿಸಿ ನಿವೃತ್ತರಾದ ಮೇಲೆ ಮಗನ ಮನೆಗೆ ಬಂದಿದ್ದರು. ಮಗನಿಗೆ ಇದೇ ಗಲ್ಲಿಯಲ್ಲಿ ಬಟ್ಟೆ ಅಂಗಡಿ. ನಮ್ಮದು ಅವರ ಎದುರು ಫ್ಲಾಟ್. ನಾನು ಉಡುಪಿಯವಳು, ಆಫೀಸಿನಲ್ಲಿ ಅಕೌಂಟ್ಸ್ ನೋಡುವವಳು. ಕಾವ್ಯಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೂ ಶುಕ್ರವಾರದ ನಮಾಜು ಮುಗಿಸಿ ಬಂದು ಅವರು ಮಸ್ನವಿ ಹೇಳಲು ಕೂತರೆ ನಾನು ಒಲೆ ಆರಿಸಿ ಓಡುತ್ತಿದ್ದೆ. ಮಸ್ನವಿಯೆಂದರೆ ಸೂಫಿಗಳು ಪಾರ್ಸಿಯಲ್ಲಿ ಎರಡೆರಡು ಸಾಲಿಗೆ ಪ್ರಾಸ ಕೂಡಿಸಿ ಕಟ್ಟಿದ ಉದ್ದನೆಯ ಕತೆ. ಮೇಷ್ಟ್ರು ಮೊದಲು ರಾಗವಾಗಿ ಹೇಳಿ, ಆಮೇಲೆ ಕನ್ನಡದಲ್ಲಿ ಅರ್ಥ ಬಿಡಿಸುತ್ತಿದ್ದರು. ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಅದೇನೂ ಪರಕೀಯ ಅನ್ನಿಸಲಿಲ್ಲ.

ಕತೆ ಅರ್ಧಕ್ಕೆ ಬಂದಾಗ ನಿಲ್ಲುತ್ತಿತ್ತು. ಅದರ ಹೊಟ್ಟೆಯಿಂದ ಇನ್ನೊಂದು ಕತೆ ಹೊರಡುತ್ತಿತ್ತು, ಅದು ಮುಗಿದ ಮೇಲೆಯೇ ಮೊದಲಿನದಕ್ಕೆ ಮರಳುವುದು. ಈ ಕಾವ್ಯಗಳ ರೀತಿಯೇ ಹಾಗೆ. ಮೇಷ್ಟ್ರಿಗೆ ಅವರ ಉಸ್ತಾದರಿಂದ ಬಂದ ಒಂದು ಕಟ್ಟೂ ಇತ್ತು. ಶುರು ಮಾಡಿದ ಕತೆಯನ್ನು ಕೇಳಿದವರೆದುರೇ ಮುಗಿಸಬೇಕು, ಅಲ್ಲಿಯವರೆಗೆ ಬೇರೆ ಕತೆಗೆ ಬಾಯಿ ತೆರೆಯುವಂತಿಲ್ಲ. ಒಮ್ಮೆ ಆಫೀಸಿನಿಂದ ಫೋನು ಬಂದು ನಾನು ನಡುವೆ ಎದ್ದುಹೋದಾಗ ಮರುವಾರದವರೆಗೆ ಆ ಕತೆಯನ್ನು ಹಾಗೇ ಕಾದಿಟ್ಟಿದ್ದರು.

ಅವರಿಗೆ ಬಲು ಇಷ್ಟದ್ದು ಅಗಸನ ಕತೆ. ಚಳಿಗಾಲದಲ್ಲಿ ಸಂತನೊಬ್ಬ ಬಡ ಅಗಸನಿಗೆ ಶಾಲೊಂದನ್ನು ಕಳಿಸುತ್ತಾನೆ. ಅದರಲ್ಲೊಂದು ಕಲೆ. ಅಗಸ ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಕಲ್ಲಿಗೆ ಬೈಯುತ್ತಾನೆ, ನೀರಿಗೆ ಬೈಯುತ್ತಾನೆ, ನದಿಯಿಂದ ನದಿಗೆ ಅಲೆಯುತ್ತಾನೆ. ಕೇಳುವವರು ಇಲ್ಲಿ ನಗುತ್ತಾರೆ. ಆಗ ಕತೆ ನದಿಯ ಕಡೆ ಹೊರಳಿ, ಬಹಳ ಸುತ್ತಿ ಮರಳಿ ಬರುವಾಗ ಶಾಲು ಚಿಂದಿಯಾಗಿದೆ, ಅಗಸ ಚಳಿಗೆ ಗಡಗಡ ನಡುಗುತ್ತಿದ್ದಾನೆ. ಸಂತ ಬಂದು, ‘ನಾನು ಕಳಿಸಿದ್ದು ನೀನು ಹೊದೆಯಲೆಂದು, ಒಗೆಯಲೆಂದಲ್ಲ’ ಅನ್ನುತ್ತಾನೆ. ಆ ಮಾತಿಗೆ ಬಂದಾಗ ಮೇಷ್ಟ್ರ ದನಿ ಪ್ರತಿಸಲವೂ ಒಡೆಯುತ್ತಿತ್ತು…

ಎಕ್ಸ್‌ಪೋ ಎಂಬ ಜಾಗತಿಕ ಮೇಳ ಬರುತ್ತದೆಂದು ದುಬೈಯೆಲ್ಲ ಅಗೆಯುತ್ತಿದ್ದ ಕಾಲ. ಹೋಟೆಲುಗಳಲ್ಲಿ ಪಾರ್ಟಿ ನಡೆಸಿಕೊಡುವ, ಮಗನ ಅಂಗಡಿಯ ಗಿರಾಕಿಯೊಬ್ಬನಿಗೆ ‘ಸೂಫಿ ನೈಟ್’ ಮಾಡಲು ಯಾರಾದರೂ ಮುದುಕರು ಬೇಕಾಗಿದ್ದರು. ಮಗ ಅಪ್ಪನನ್ನು ಒಪ್ಪಿಸಿದ. ಮೇಷ್ಟ್ರಿಗೆ ಹಿಗ್ಗೇ ಹಿಗ್ಗು. ಊರು ಬಿಟ್ಟ ಮೇಲೆ ತುಂಬಿದ ಸಭೆಯೆದುರು ಒಂದು ಇಡೀ ಕತೆ ಹೇಳಬೇಕೆಂಬುದೊಂದೇ ಅವರ ಆಸೆಯಾಗಿತ್ತು. ಎಷ್ಟು ಹೊತ್ತು ಬೇಕೆಂದು ಅವರನ್ನು ಯಾರೂ ಕೇಳಲಿಲ್ಲ.

ಕೇಳಲು ನಾನೂ ಹೋಗಿದ್ದೆ. ಹೋಟೆಲಿನಲ್ಲಿ ಅವರ ಟೋಪಿ ತೆಗೆಸಿ, ಉದ್ದದ ಕಂದು ಕುಲಾವಿ ಏರಿಸಿ, ಬಿಳಿ ನಿಲುವಂಗಿ ತೊಡಿಸಿ ವೇಷ ಕಟ್ಟಿದರು. ಎದುರಿನ ಮೇಜುಗಳ ತುಂಬ ಕುರಿ ಮಾಂಸ, ನಡುನಡುವೆ ಹುಕ್ಕಾ. ಬೆರಳಿನ ಜಿಡ್ಡು ನೆಕ್ಕುತ್ತಲೇ ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಮೇಷ್ಟ್ರು ಆ ದಿನ ಅರ್ಥವನ್ನು ಹಿಂದಿಯಲ್ಲಿ ಹೇಳಿದರು. ಅಗಸ ನದಿಗೆ ಬೈದಲ್ಲಿ ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನದಿಯ ಕತೆ ಎತ್ತಿಕೊಳ್ಳಲು ಕಣ್ಣು ಮುಚ್ಚಿ ಉಸಿರೆಳೆದರು. ನಿರೂಪಕ ಅದನ್ನೇ ಮುಕ್ತಾಯ ಅಂದುಕೊಂಡು, ‘ಬ್ಯೂಟಿಫುಲ್’ ಎನ್ನುತ್ತ ಮೈಕು ಕಿತ್ತುಕೊಂಡ. ಚಪ್ಪಾಳೆ ಬಿತ್ತು. ಲಂಗಕ್ಕೆ ಬಣ್ಣದ ಬಲ್ಬು ಸಿಕ್ಕಿಸಿಕೊಂಡ ಕುಣಿತದವನೊಬ್ಬ ಬಂದು ಗಿರಗಿರ ತಿರುಗತೊಡಗಿದ. ಕತೆ ಮುಗಿದಿಲ್ಲವೆಂದು ಮೇಷ್ಟ್ರು ವೇದಿಕೆಯ ಅಂಚಿನಲ್ಲಿ ನಿಂತು ಕೈಯಾಡಿಸುತ್ತಿದ್ದರು. ಜನರೂ ತಿರುಗಿ ಕೈ ಬೀಸಿದರು. ಮುಂದಿನ ಸಾಲಿನಲ್ಲಿದ್ದ ಮಗನೂ ಬೀಸಿದ. ಇಷ್ಟು ಹೇಸಿಗೆಯನ್ನು ನಾನು ಯಾವ ಚರಂಡಿಯ ಮುಂದೆಯೂ ಪಟ್ಟದ್ದಿಲ್ಲ.

ಮುಂದಿನ ಶುಕ್ರವಾರ ಹೋದರೆ ಚಾಪೆ ಹಾಸಿರಲಿಲ್ಲ. ನನಗಾದರೂ ಉಳಿದದ್ದನ್ನು ಹೇಳಿ ಮುಗಿಸಿಬಿಡಿ ಮೇಷ್ಟ್ರೇ ಅಂದೆ.

“ನೀವೊಬ್ರೇ ಅಲ್ವಲ್ಲ ತಂಗಿ ಕೇಳಿದ್ದು” ಅಂದರು. “ಅಷ್ಟೂ ಜನರನ್ನ ನಾನು ಎಲ್ಲಿಂದ ಕರ್ಕೊಂಡು ಬರ್ಲಿ?”

ಆಮೇಲೆ ಅವರು ಬೇರೆ ಕತೆಯನ್ನೂ ಹೇಳಲಿಲ್ಲ. ತಿಂದು ತೇಗಿ ಎದ್ದುಹೋದವರಿಗಾಗಿ ಇದೆಂಥ ವ್ರತ ಎಂದು ಆ ಕಟ್ಟಿನ ಮೇಲೂ ನನಗೆ ಸಿಟ್ಟು ಬಂದಿತ್ತು. ಮುಂದೆ ಊರಿಗೆ ಹೋದವರು ಅಲ್ಲೇ ತೀರಿಕೊಂಡರು…

ಗುರುವಾರ ನಾನು ಹೊರಟಿದ್ದು ಅವರ ಮಗನ ಅಂಗಡಿಗೇ, ಲೈನಿಂಗ್ ಬಟ್ಟೆಗೆ. ಆತ ಯಾರೋ ಗಿರಾಕಿಗೆ ಅಪ್ಪನ ಆ ಸಂಜೆಯ ವಿಡಿಯೋ ತೋರಿಸುತ್ತಿದ್ದ. ನಮ್ಮ ಅಬ್ಬ ಏನು ನಗಿಸ್ತಿದ್ರು ನೋಡಿ ಅಕ್ಕ, ಎಂದು ನನ್ನತ್ತಲೂ ತಿರುಗಿಸಿದ. ಗಿರಾಕಿ ಹೋಗುವವರೆಗೆ ಹಲ್ಲು ಕಚ್ಚಿ ನಿಂತೆ. ಆಮೇಲೆ ನದಿಯ ಕತೆ, ಚಿಂದಿಯಾದ ಶಾಲು, ಸಂತ ಅಂದ ಮಾತು, ಎಲ್ಲವನ್ನೂ ನನಗೆ ಬಂದಂತೆ ಹೇಳಿದೆ. ಕೇಳಿದವರಲ್ಲಿ ಇವನೊಬ್ಬನಿಗಾದರೂ ಮುಗಿಯಲಿ ಅನ್ನಿಸಿತ್ತು. ಆತ ಕತ್ತರಿ ಕೆಳಗಿಟ್ಟು ಕೇಳಿದ. ಕಣ್ಣಲ್ಲಿ ನೀರೂ ಬಂತು.

“ಎಷ್ಟು ಚಂದ ಉಂಟಲ್ಲ ಅಕ್ಕ” ಅಂದ. “ಅಬ್ಬ ಯಾಕೆ ಅವತ್ತು ಇದನ್ನ ಹೇಳ್ಲೇ ಇಲ್ಲ?”

ಅಂದು ಕತೆ ಅರ್ಧಕ್ಕೇ ಕಡಿದುಹೋದದ್ದು ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ಬಟ್ಟೆ ಬೇಡವೆಂದು ಹೇಳಿ ಗಲ್ಲಿಗೆ ಇಳಿದೆ. ಈ ಮಾತನ್ನು ಹೋಗಿ ಹೇಳಿಕೊಳ್ಳೋಣವೆಂದರೆ ಎದುರು ಫ್ಲಾಟಿನಲ್ಲಿ ಈಗ ಮೇಷ್ಟ್ರು ಇಲ್ಲ.